ದಿನಸಿ ಅಂಗಡಿಯಿಂದ ಬೀದಿಗಿಳಿದ ತಾಯಿ

ಮರಿಯಾ ರೆಬೆಕ್ಕಾ ಲತಿಗೊ 1896ರ ಜುಲೈ 29ರಂದು ಮೆಕ್ಸಿಕೋ ದೇಶದ ಮೊಂಟೆರ್ರೇ ನಗರಕ್ಕೆ ಸಮೀಪದ ಗಾರ್ಸಾ ಗಾರ್ಸಿಯಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಧ್ಯಾಪಕರು. ಮಗಳೂ ಅದೇ ವೃತ್ತಿಯನ್ನು ಹಿಡಿದು ಮೊಂಟೆರ್ರೇಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾದರು. 1910ರಲ್ಲಿ ಸಿಡಿದ ಕ್ರಾಂತಿಯು ಆ ದೇಶವನ್ನು ವರ್ಷಗಟ್ಟಲೆ ರಕ್ತದಲ್ಲಿ ತೋಯಿಸಿತು. ಅಸಂಖ್ಯ ಕುಟುಂಬಗಳು ಗಡಿಯ ನದಿಯನ್ನು ದಾಟಿ ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ಸೇರಿದ ಕಾಲವದು. ಟೆಕ್ಸಾಸಿನ ಹೆಬ್ರಾನ್‌ವಿಲ್ ಎಂಬಲ್ಲಿ 1915ರಲ್ಲಿ ಮರಿಯಾ ಅವರು ಪೆದ್ರೊ ಹೆರ್ನಾಂಡೆಸ್ ಅವರನ್ನು ವರಿಸಿದರು. 1918ರಲ್ಲಿ ದಂಪತಿ ಸಾನ್ ಆಂಟೋನಿಯೋ ನಗರಕ್ಕೆ ಬಂದು ನೆಲೆಸಿ, ದಿನಸಿ ಅಂಗಡಿಯನ್ನೂ ಬೇಕರಿಯನ್ನೂ ತೆರೆದರು. ಹತ್ತು ಮಕ್ಕಳ ಸಂಸಾರ.

ಬಡವರ ಕೇರಿಯ ದಿನಸಿ ಅಂಗಡಿ ಎಂದರೆ ಅದೊಂದು ಪಾಠಶಾಲೆಯೇ ಸರಿ. ಯಾರ ಮನೆಯಲ್ಲಿ ಒಲೆ ಉರಿಯಿತು, ಯಾರ ಮನೆಯಲ್ಲಿ ಉರಿಯಲಿಲ್ಲ ಎಂಬುದು ಅಂಗಡಿಯವರಿಗೆ ಮೊದಲು ತಿಳಿಯುತ್ತದೆ. ಸಾನ್ ಆಂಟೋನಿಯೋದ ಪಶ್ಚಿಮ ಭಾಗದಲ್ಲಿ ಮೆಕ್ಸಿಕನ್ನರು ಇಕ್ಕಟ್ಟಾದ ಗುಡಿಸಲುಗಳಲ್ಲಿ ತುಂಬಿಕೊಂಡಿದ್ದರು. ಕ್ಷಯರೋಗ, ಎಳೆಗೂಸುಗಳ ಸಾವು ಅಲ್ಲಿ ನಿತ್ಯದ ಮಾತು.

1929ರ ಜನವರಿ 10ರಂದು ದಂಪತಿ ‘ಒರ್ದೆನ್ ಕಬಯೇರೋಸ್ ದೆ ಅಮೆರಿಕ’ ಎಂಬ ಸಂಘವನ್ನು ಸ್ಥಾಪಿಸಿದರು. ಕಬಯೇರೋಸ್ ಎಂದರೆ ಮಹನೀಯರು, ಗಂಡಸರು. ಹೆಸರು ಹಾಗಿದ್ದರೂ ಸಂಘವನ್ನು ಮುನ್ನಡೆಸಿದವರಲ್ಲಿ ಒಬ್ಬ ಗೃಹಿಣಿಯಿದ್ದರೆಂಬುದು ಸ್ವಾರಸ್ಯಕರ. ಅದೇ ವರ್ಷ ಹುಟ್ಟಿಕೊಂಡ ಮತ್ತೊಂದು ದೊಡ್ಡ ಸಂಘಟನೆಯು ಅಮೆರಿಕದ ಪೌರರಿಗಷ್ಟೇ ಸದಸ್ಯತ್ವ ನೀಡುತ್ತಿತ್ತು. ನಿನ್ನೆ ಮೊನ್ನೆ ನದಿ ದಾಟಿ ಬಂದವನ ನೋವೇ ಹೆಚ್ಚಲ್ಲವೇ? ಹೆರ್ನಾಂಡೆಸ್ ದಂಪತಿಯ ಸಂಘ ಅಂಥವರಿಗೂ ಬಾಗಿಲು ತೆರೆದಿತ್ತು. 1932ರಲ್ಲಿ ಮರಿಯಾ ಅವರು ಆ ನಗರದ ಆಕಾಶವಾಣಿಯಲ್ಲಿ ಸ್ಪ್ಯಾನಿಷ್ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟರು. ಮರುವರ್ಷ ಬಡ ಗರ್ಭಿಣಿಯರಿಗೆ ನೆರವಾಗಲೆಂದು ತಾಯಂದಿರ ರಕ್ಷಣಾ ಸಂಘವನ್ನು ಕಟ್ಟುವಲ್ಲಿ ಕೈಜೋಡಿಸಿದರು.

ಶಾಲೆಯ ಪ್ರಶ್ನೆ ಬಂದಾಗ ಹಳೆಯ ಶಿಕ್ಷಕಿ ಎಚ್ಚೆತ್ತರು. ಪಶ್ಚಿಮ ಭಾಗದ ಸುಮಾರು 12,000 ಮಕ್ಕಳಿಗೆ ಇದ್ದದ್ದು 11 ಶಾಲೆಗಳು. ನಗರದ ಉಳಿದೆಡೆ ಹೆಚ್ಚುಕಡಿಮೆ ಅಷ್ಟೇ ಮಕ್ಕಳಿಗೆ 28. ಈ ಅನ್ಯಾಯದ ವಿರುದ್ಧ 1934ರಲ್ಲಿ ಎಲೆಯುತೇರಿಯೊ ಎಸ್ಕೋಬಾರ್ ಮುಂತಾದವರು ಹೂಡಿದ ಚಳವಳಿಯಲ್ಲಿ ಆಕೆ ಸಾವಿರಾರು ಜನರ ಮುಂದೆ ನಿಂತು ಮಾತನಾಡಿದರು.

ಇನ್ನು 1938ರ ಮುಷ್ಕರ. ಕ್ಯಾಥೋಲಿಕರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಪೆಕಾನ್ ಎಂಬುದು ಅಕ್ರೋಟನ್ನು ಹೋಲುವ ಕಾಯಿ. ಅದರ ಚಿಪ್ಪು ಬಿಡಿಸಿ ತಿರುಳು ತೆಗೆಯುವ ಕೆಲಸದಲ್ಲಿ ಆ ನಗರದ ಸುಮಾರು 12,000 ಮಂದಿ ತೊಡಗಿದ್ದರು. ಬಹುಪಾಲು ಮೆಕ್ಸಿಕನ್ ಹೆಂಗಸರು. ಗಾಳಿಯಾಡದ ಕೋಣೆಗಳಲ್ಲಿ ಧೂಳು ಕುಡಿಯುತ್ತ ದುಡಿದರೆ ವಾರಕ್ಕೆ ಸಿಗುತ್ತಿದ್ದುದು ಎರಡು ಮೂರು ಡಾಲರ್. ಅದರಲ್ಲೂ ಮಾಲೀಕರು ಪೌಂಡಿಗೆ ಒಂದು ಸೆಂಟ್ ಕಡಿತ ಮಾಡಿದಾಗ, ಜನವರಿ 31ರಂದು ಜನ ಕೆಲಸ ಬಿಟ್ಟು ಹೊರಬಂದರು. ಪೊಲೀಸರು ಅಶ್ರುವಾಯು ಸಿಡಿಸಿದರು. ನೂರಾರು ಮಂದಿ ಸೆರೆಮನೆ ಸೇರಿದರು. ಆರಂಭದಲ್ಲಿ ಮುಷ್ಕರದ ಮುಂದಾಳು ಎಮ್ಮಾ ತೆನಾಯೂಕಾ, 21 ವರ್ಷದ ಕಮ್ಯೂನಿಸ್ಟ್ ಯುವತಿ. ಆ ಕಾರಣಕ್ಕೇ ಮಹಾಧರ್ಮಾಧ್ಯಕ್ಷ ಆರ್ಥರ್ ಡ್ರೊಸೇರ್ಟ್ಸ್ ಪೊಲೀಸರನ್ನು ಅಭಿನಂದಿಸಿದರು. ಕೂಲಿ ಹೆಚ್ಚಿಸದಿದ್ದರೆ ಕಮ್ಯೂನಿಸಂ ಬೆಳೆಯುತ್ತದೆಂದು ಮಾಲೀಕರನ್ನೂ ಎಚ್ಚರಿಸಿದರೆಂಬುದು ನಿಜ. ಆದರೆ ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕೆಂದು 13ನೇ ಲಿಯೋ ಜಗದ್ಗುರುಗಳು 1891ರಲ್ಲೇ ಬೋಧಿಸಿದ್ದರು. ಅದು ಕಮ್ಯೂನಿಸಂನ ಭಯದಿಂದ ಕೊಡುವ ಭಿಕ್ಷೆಯಲ್ಲ. ಅದೇ ನಗರದ ಗ್ವಾದಲೂಪೆ ಮಾತೆಯ ಧರ್ಮಕೇಂದ್ರದ ಯೇಸುಸಭೆಯ ಗುರು ಕಾರ್ಮೆಲೊ ತ್ರಾಂಕೇಸೆ ಬಡವರ ವಸತಿಗಾಗಿ ಹೆಣಗುತ್ತಿದ್ದರೆಂಬುದನ್ನೂ ಹೇಳದಿದ್ದರೆ ಧರ್ಮಸಭೆಗೆ ಅನ್ಯಾಯವಾದೀತು.

ಮರಿಯಾ ಅವರು ಕಾರ್ಮಿಕರ ಪರ ನಿಂತರು. ಆಗ ಅವರಿಗೆ 41 ವರ್ಷ. ಸಿದ್ಧಾಂತದ ಹಂಗು ಅವರಿಗೆ ಬೇಕಿರಲಿಲ್ಲ. ಮಕ್ಕಳ ಹೊಟ್ಟೆಗೆ ಸಾಲದ ಕೂಲಿ ತಪ್ಪು, ಅಷ್ಟೇ. ಸಂಧಾನದಿಂದ ಕೂಲಿ ತುಸು ಏರಿತು. ಅದೇ ವರ್ಷ ಕೇಂದ್ರ ಶಾಸನವು ಗಂಟೆಗೆ 25 ಸೆಂಟ್ ಕನಿಷ್ಠ ವೇತನವನ್ನು ವಿಧಿಸಿದ ಮೇಲೆ ಮಾಲೀಕರು ಯಂತ್ರಗಳನ್ನು ತಂದರು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಗೆಲುವೆನ್ನುವುದು ಕಷ್ಟ.

1945ರಲ್ಲಿ ಮರಿಯಾ ಅವರು ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮನೆಯೇ ಸಮಾಜದ ತಳಪಾಯ, ರಾಷ್ಟ್ರಗಳನ್ನು ರೂಪಿಸುವವಳು ತಾಯಿ ಎಂಬುದು ಅಲ್ಲಿನ ಪ್ರತಿಪಾದನೆ. ತತ್ತ್ವಶಾಸ್ತ್ರ ಓದಿದವರಿಗೆ ಅರಿಸ್ಟಾಟಲ್ ನೆನಪಾಗದಿರನು. ಮನೆಗಳು ಕೂಡಿ ಹಳ್ಳಿ, ಹಳ್ಳಿಗಳು ಕೂಡಿ ನಗರವೆಂದ ಆ ಮಹಾಶಯ ಹೆಂಗಸನ್ನು ಮಾತ್ರ ಮನೆಯಲ್ಲೇ ಬಿಟ್ಟ. ಅದೇ ಮೊದಲ ಮೆಟ್ಟಿಲಿನಿಂದ ಹೊರಟ ಈ ಅಂಗಡಿಯಾಕೆ ತಲುಪಿದ್ದು ಬೇರೆಡೆಗೆ. ಮನೆ ತಳಪಾಯವಾದರೆ ಶಾಲೆ, ಕೂಲಿ, ಮತ ಇವೆಲ್ಲ ತಾಯಿಯ ಕೆಲಸವೇ ಆದವು.

1970ರಲ್ಲಿ ಮೆಕ್ಸಿಕನ್-ಅಮೆರಿಕನ್ ತರುಣರು ‘ರಾಸಾ ಉನೀದಾ’ ಎಂಬ ಪಕ್ಷವನ್ನು ಕಟ್ಟಿದಾಗ, ಆಸ್ಟಿನ್ ನಗರದ ಸಮಾವೇಶದಲ್ಲಿ ಮುಖ್ಯ ಭಾಷಣ ಮಾಡಿದವರು ಈ ವೃದ್ಧೆ. 1972ರ ರಾಜ್ಯಪಾಲ ಚುನಾವಣೆಯಲ್ಲಿ ಆ ಪಕ್ಷದ ಅಭ್ಯರ್ಥಿ ರಾಮ್ಸೀ ಮುನ್ಯೀಸ್ ಪರವಾಗಿ ಅವರೂ ಪೆದ್ರೊ ಅವರೂ ದಕ್ಷಿಣ ಮತ್ತು ಮಧ್ಯ ಟೆಕ್ಸಾಸಿನ ಊರೂರು ಸುತ್ತಿದರು. ಅಭ್ಯರ್ಥಿ ಸೋತರು. ಪೆದ್ರೊ 1980ರಲ್ಲಿ ತೀರಿಕೊಂಡರು. 1986ರ ಜನವರಿ 8ರಂದು ನ್ಯುಮೋನಿಯಾದಿಂದ ಮರಿಯಾ ಅವರು ನಿಧನರಾದರು. ಎಲ್ಮೆಂಡಾರ್ಫ್ ಊರಿನ ಹೊರಗೆ, 57 ವರ್ಷಗಳ ಹಿಂದೆ ಪತಿಯೊಡನೆ ತಾವು ಕಟ್ಟಿದ ಸಂಘದ ನೆಲದಲ್ಲೇ ಅವರನ್ನು ಸಮಾಧಿ ಮಾಡಲಾಯಿತು.