ಶ್ರಮವನ್ನು ಅಳೆದ ಟೇಲರ್

ಸಲಿಕೆ ಹಿಡಿದು ಕಲ್ಲಿದ್ದಲನ್ನು ಎತ್ತಿಹಾಕುವುದರಲ್ಲಿಯೂ ಒಂದು ಶಾಸ್ತ್ರವಿರಬಹುದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಂದಿ ಯೋಚಿಸಿರಲಿಲ್ಲ. ಬಲವುಳ್ಳವನು ಹೆಚ್ಚು ಎತ್ತುವನು, ಬಲವಿಲ್ಲದವನು ಕಡಿಮೆ ಎತ್ತುವನು ಎಂಬುದಷ್ಟೇ ಜನರ ತಿಳಿವಳಿಕೆಯಾಗಿದ್ದಿತು. ಮನುಷ್ಯನ ಶ್ರಮವನ್ನೂ ಅಳೆದು, ಪರೀಕ್ಷಿಸಿ, ಸುಧಾರಿಸಬಹುದೆಂದು ತೋರಿಸಿದವರಲ್ಲಿ ಫ್ರೆಡರಿಕ್ ವಿನ್ಸ್‌ಲೋ ಟೇಲರನು ಅಗ್ರಗಣ್ಯನು.

ಟೇಲರನು 1856ನೆಯ ಮಾರ್ಚ್ 20ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಜರ್ಮನ್‌ಟೌನ್ ಎಂಬಲ್ಲಿ ಅನುಕೂಲಸ್ಥರ ಮನೆಯಲ್ಲಿ ಜನಿಸಿದನು. ತಂದೆ ವಕೀಲ, ತಾಯಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ದುಡಿದವಳು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅವನು ಉತ್ತಮ ರೀತಿಯಲ್ಲಿ ತೇರ್ಗಡೆ ಹೊಂದಿದರೂ, ಕಣ್ಣಿನ ತೊಂದರೆಯಿಂದಾಗಿ ವ್ಯಾಸಂಗವನ್ನು ಕೈಬಿಡಬೇಕಾಯಿತು. 1874ರಲ್ಲಿ ಒಂದು ಕಾರ್ಖಾನೆಯಲ್ಲಿ ಕಸುಬು ಕಲಿಯುವ ಅಭ್ಯಾಸಿಯಾಗಿ ಸೇರಿದನು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯನ್ನು ಸಾಮಾನ್ಯ ಕೂಲಿಯಾಗಿ ಪ್ರವೇಶಿಸಿ, ಕೆಲವೇ ವರ್ಷಗಳಲ್ಲಿ ಮುಖ್ಯ ಎಂಜಿನಿಯರನ ಸ್ಥಾನಕ್ಕೇರಿದನು. ದುಡಿಯುತ್ತಲೇ ಓದಿ, 1883ರಲ್ಲಿ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಯಿಂದ ಯಂತ್ರಶಾಸ್ತ್ರದ ಪದವಿಯನ್ನು ಪಡೆದನು.

ಮಿಡ್‌ವೇಲಿನಲ್ಲಿ ಅವನೊಂದು ಸಂಗತಿಯನ್ನು ಕಂಡನು. ಕೆಲಸಗಾರರು ತಮ್ಮ ಶಕ್ತಿಗಿಂತ ಬಹಳ ಕಡಿಮೆ ಕೆಲಸ ಮಾಡುತ್ತಿದ್ದರು. ಅದು ಕೇವಲ ಸೋಮಾರಿತನವಾಗಿರಲಿಲ್ಲ. ಹೆಚ್ಚು ಸರಕನ್ನು ತಯಾರಿಸಿದೊಡನೆ ಮಾಲೀಕರು ಪ್ರತಿ ವಸ್ತುವಿನ ಕೂಲಿದರವನ್ನೇ ಇಳಿಸಿಬಿಡುವರೆಂಬ ಭಯ ಅದಕ್ಕೆ ಕಾರಣವಾಗಿದ್ದಿತು. ಮೇಲ್ವಿಚಾರಕನಾದ ಟೇಲರನು ಒತ್ತಾಯದಿಂದ ಕೆಲಸ ಮಾಡಿಸಲು ಹೋಗಿ, ವರ್ಷಗಟ್ಟಲೆ ಅವರೊಡನೆ ಸೆಣಸಬೇಕಾಯಿತು. ಒಬ್ಬನು ದಿನವೊಂದಕ್ಕೆ ನ್ಯಾಯವಾಗಿ ಎಷ್ಟು ಕೆಲಸ ಮಾಡಬಲ್ಲನೆಂಬುದು ಮಾಲೀಕನಿಗೂ ತಿಳಿಯದು, ಕೂಲಿಕಾರನಿಗೂ ತಿಳಿಯದು. ಕಲಹದ ಮೂಲವೇ ಇದು ಎಂದು ಅವನು ಅರಿತನು. 1881ರ ಸುಮಾರಿಗೆ ಪ್ರತಿಯೊಂದು ಕೆಲಸವನ್ನೂ ಸಣ್ಣ ಸಣ್ಣ ಚಲನೆಗಳಾಗಿ ವಿಂಗಡಿಸಿ, ಗಡಿಯಾರ ಹಿಡಿದು ಅವುಗಳ ಕಾಲವನ್ನು ಅಳೆಯತೊಡಗಿದನು.

1898ರಲ್ಲಿ ಅವನು ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಗೆ ಬಂದನು. ಅಲ್ಲಿ ಒಂದೇ ಸಲಿಕೆಯಿಂದ ಹಗುರವಾದ ಕಲ್ಲಿದ್ದಲನ್ನೂ ಭಾರವಾದ ಅದಿರನ್ನೂ ಎತ್ತುತ್ತಿದ್ದರು. ಟೇಲರನು ಪ್ರಯೋಗಗಳನ್ನು ನಡೆಸಿ, ಒಂದು ಸಲಕ್ಕೆ ಸುಮಾರು 21 ಪೌಂಡು, ಎಂದರೆ ಹತ್ತು ಕಿಲೋಗ್ರಾಮಿಗೆ ತುಸು ಕಡಿಮೆ ತೂಕವನ್ನು ಎತ್ತಿದಾಗ ದಿನದ ಕೆಲಸ ಗರಿಷ್ಠವಾಗುವುದೆಂದು ಕಂಡುಕೊಂಡನು. ಆದುದರಿಂದ ಅದಿರಿಗೆ ಚಿಕ್ಕ ಸಲಿಕೆಯನ್ನೂ ಹಗುರವಾದ ವಸ್ತುವಿಗೆ ದೊಡ್ಡ ಸಲಿಕೆಯನ್ನೂ ಒದಗಿಸಿದನು. ಕೆಲಸ ಹೆಚ್ಚಿತು, ದುಡಿದವರಿಗೆ ಕೂಲಿಯೂ ಹೆಚ್ಚಿತು. ಆದರೆ ಬೇಕಾಗುವ ಆಳುಗಳ ಸಂಖ್ಯೆ ಬಹಳ ಇಳಿಯಿತು.

1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ವೈಜ್ಞಾನಿಕ ನಿರ್ವಹಣೆಯ ನಾಲ್ಕು ತತ್ತ್ವಗಳನ್ನು ನಿರೂಪಿಸಿದನು. ರೂಢಿಯ ಬದಲು ಶಾಸ್ತ್ರೀಯ ಪರೀಕ್ಷೆಯಿಂದ ಕೆಲಸದ ವಿಧಾನವನ್ನು ನಿರ್ಧರಿಸುವುದು ಮೊದಲನೆಯದು. ತಕ್ಕ ಕೆಲಸಗಾರನನ್ನು ಆರಿಸಿ ತರಬೇತು ನೀಡುವುದು ಎರಡನೆಯದು. ಆಡಳಿತವರ್ಗವು ಕಾರ್ಮಿಕರೊಡನೆ ಸಹಕರಿಸುವುದು ಮೂರನೆಯದು. ಯೋಜಿಸುವ ಹೊಣೆಯನ್ನು ಆಡಳಿತವೂ ನೆರವೇರಿಸುವ ಹೊಣೆಯನ್ನು ಕಾರ್ಮಿಕರೂ ಹಂಚಿಕೊಳ್ಳುವುದು ನಾಲ್ಕನೆಯದು.

ಆದರೆ ಗಡಿಯಾರದ ಕೆಳಗೆ ದುಡಿಯುವುದು ಕಾರ್ಮಿಕರಿಗೆ ಅಪಮಾನವೆನಿಸಿತು. 1911ರ ಆಗಸ್ಟ್ ತಿಂಗಳಿನಲ್ಲಿ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಈ ಪದ್ಧತಿಯನ್ನು ವಿರೋಧಿಸಿ ಮುಷ್ಕರ ಹೂಡಿದರು. ವಿಚಾರಣಾ ಸಮಿತಿಯ ಮುಂದೆ ಟೇಲರನು 1912ರಲ್ಲಿ ಹಲವು ದಿನ ಉತ್ತರ ಕೊಡಬೇಕಾಯಿತು. ಉಭಯಪಕ್ಷಗಳ ಮನಃಪರಿವರ್ತನೆಯೇ ತನ್ನ ಪದ್ಧತಿಯ ತಿರುಳೆಂದೂ ಗಡಿಯಾರವು ಕೇವಲ ಸಾಧನವೆಂದೂ ಅವನು ವಾದಿಸಿದನು. ಆದರೂ 1915ರಲ್ಲಿ ಅಮೆರಿಕದ ಶಾಸನಸಭೆಯು ಸೈನ್ಯದ ಶಸ್ತ್ರಾಗಾರಗಳಲ್ಲಿ ಗಡಿಯಾರದ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷದ ಮಾರ್ಚ್ 21ರಂದು, ಐವತ್ತೊಂಬತ್ತು ವರ್ಷ ತುಂಬಿದ ಮರುದಿನ, ಟೇಲರನು ನ್ಯುಮೋನಿಯಾದಿಂದ ಮರಣ ಹೊಂದಿದನು.

ಅವನ ವಿಧಾನಗಳು ಮುಂದೆ ಜಗತ್ತಿನ ಅನೇಕ ಕಾರ್ಖಾನೆಗಳಲ್ಲಿ ಬೇರೂರಿದವು. ಸಲಿಕೆಗೆ ತಕ್ಕ ತೂಕವನ್ನು ಗೊತ್ತುಪಡಿಸಿದ ಟೇಲರನು ವ್ಯರ್ಥಶ್ರಮವನ್ನು ತಪ್ಪಿಸುವ ದಾರಿಯನ್ನು ತೋರಿಸಿದನು. ಆದರೆ ಆ ಸಲಿಕೆ ಹಿಡಿದವನಿಗೂ ತನ್ನ ಕೆಲಸದ ವಿಷಯದಲ್ಲಿ ಯೋಚಿಸುವ ಬುದ್ಧಿಯಿದೆ, ಹೇಳಬೇಕಾದ ಮಾತಿದೆ ಎಂಬುದನ್ನು ವಾಟರ್‌ಟೌನಿನ ಕೆಲಸಗಾರರು ಲೋಕಕ್ಕೆ ನೆನಪಿಸಿದರು.