ಮಕ್ಕಳ ಕಾರಿನ ಧೂಳು ಬಯಸಿದ ಗುರು

ಮಂಗಳೂರಿಗೆ ಹೋದವರು ಪುರಭವನದ ಮುಂದಿನಿಂದ ಹಾದುಹೋಗಿರುತ್ತೀರಿ. ಕುದ್ಮುಲ್ ರಂಗರಾವ್ ಎಂಬ ಹೆಸರನ್ನು ಅದರ ಮೇಲೆ ಓದಿಯೂ ಇರುತ್ತೀರಿ. ಆ ಹೆಸರಿನ ಹಿಂದೆ ಒಂದು ಪುಟ್ಟ ಶಾಲೆಯಿದೆ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ತಾಲೂಕಿನ ಕುದ್ಮುಲ್‌ನಲ್ಲಿ, ಬಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ತಂದೆಯನ್ನು ಬೇಗನೆ ಕಳೆದುಕೊಂಡ ಹುಡುಗ ಮಂಗಳೂರು ಸೇರಿ ಕಷ್ಟಪಟ್ಟು ಓದಿ ಶಿಕ್ಷಕರಾದರು, ಮುಂದೆ ವಕೀಲರಾದರು. ಬಡವರ ವಕೀಲರೆಂದೇ ಜನ ಅವರನ್ನು ಕರೆದರು. ಬ್ರಹ್ಮಸಮಾಜದ ಸಂಪರ್ಕ ಅವರ ಮನಸ್ಸನ್ನು ಇನ್ನಷ್ಟು ವಿಶಾಲಗೊಳಿಸಿತು.

ಆಗ ದಲಿತರ ಮಗು ಶಾಲೆಯ ಜಗಲಿ ಹತ್ತುವಂತಿರಲಿಲ್ಲ. ಅಂಥ ಮಕ್ಕಳಿಗಾಗಿಯೇ 1892ರಲ್ಲಿ ರಂಗರಾಯರು ಉರ್ವ ಚಿಲಿಂಬಿಯಲ್ಲಿ ಒಂದು ಪ್ರಾಥಮಿಕ ಶಾಲೆ ತೆರೆದರು. ಶಾಲೆ ತೆರೆಯುವುದು ಸುಲಭ, ನಡೆಸುವುದು ಕಷ್ಟ. ಮೇಲ್ಜಾತಿಯವರು ಕಲಿಸಲು ಒಪ್ಪಲಿಲ್ಲ. ಮುಂದೆ ಬಂದವರು ಕ್ರೈಸ್ತ ಶಿಕ್ಷಕರು. ಇದು ನಮ್ಮ ಮನೆಮಂದಿ ತಿಳಿದಿರಬೇಕಾದ ಸಂಗತಿ. ಆದರೆ ಮಕ್ಕಳನ್ನು ಕರೆತರುವುದು ಹೇಗೆ? ಕೂಲಿಯ ಮನೆಯಲ್ಲಿ ಚಿಕ್ಕ ಕೈಯೂ ದುಡಿಯಲೇಬೇಕು. ಅದನ್ನು ಬಲ್ಲ ರಾಯರು ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು, ಬಂದವರ ಕೈಗೆ ಚಿಲ್ಲರೆ ಕಾಸನ್ನೂ ಇಟ್ಟರು. ಸರಕಾರದ ಬಿಸಿಯೂಟ ಬರುವ ಎಷ್ಟೋ ದಶಕಗಳ ಹಿಂದಿನ ಮಾತಿದು!

ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಇದರ ಬಿಸಿ ಮೊದಲು ತಟ್ಟುವುದು ಮನೆಯ ಹೆಂಗಸರಿಗೆ. ಪತ್ನಿ ರುಕ್ಮಿಣಿಯಮ್ಮನವರ ಸಹನೆಯ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ, ಬರೆಯಬೇಕಿತ್ತು. ರಾಯರು ಹಿಂದೆಗೆಯಲಿಲ್ಲ. ಮಗಳು ರಾಧಾಬಾಯಿಯನ್ನು ಓದಿಸಿ, ಜಾತಿ ಎಣಿಸದೆ ಕುಮಾರಮಂಗಲದ ಡಾ. ಸುಬ್ಬರಾಯನ್‌ರಿಗೆ ಮದುವೆ ಮಾಡಿಕೊಟ್ಟರು. ಮುಂದೆ ಅಳಿಯ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ಮಗಳು 1930ರ ದುಂಡುಮೇಜಿನ ಪರಿಷತ್ತಿಗೆ ಹೋಗಿಬಂದರು.

1897ರಲ್ಲಿ ಡಿ.ಸಿ.ಎಂ. ಎಂಬ ಸಂಸ್ಥೆ ರೂಪುಗೊಂಡಿತು. ಶೇಡಿಗುಡ್ಡೆ, ಅತ್ತಾವರ, ಮುಲ್ಕಿ, ಉಡುಪಿ ಕಡೆಗಳಲ್ಲೂ ಶಾಲೆಗಳಾದವು. ಅಕ್ಷರದ ಜತೆ ನೇಯ್ಗೆ, ಮರಗೆಲಸ ಕಲಿಸಿದರು. ದೂರದ ಮಕ್ಕಳಿಗೆ ವಸತಿ ಕಲ್ಪಿಸಿದರು. ನಿವೇಶನವಿಲ್ಲದವರಿಗೆ ನೆಲ ಕೊಡಿಸಿದರು. ಅಲ್ಲಿ ಕಲಿತವರಲ್ಲೇ ಕೆಲವರು ಮೇಷ್ಟ್ರುಗಳಾದರು. ಜಗಲಿ ಹತ್ತಬಾರದಿದ್ದವರ ಮಗ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತದ್ದನ್ನು ಕಂಡ ತಾಯಂದಿರಿಗೆ ಏನನಿಸಿತ್ತೋ, ನಾವೇ ಊಹಿಸಿಕೊಳ್ಳಬೇಕು.

ಕೊನೆಗಾಲದಲ್ಲಿ ರಾಯರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಸಂಸ್ಕಾರವನ್ನು ದಲಿತ ಬಂಧುಗಳೇ ಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು. ಆರು ವರ್ಷಗಳ ನಂತರ, 1934ರಲ್ಲಿ, ಗಾಂಧೀಜಿ ಮಂಗಳೂರಿಗೆ ಬಂದಾಗ ರಾಯರ ಸಂಸ್ಥೆಯನ್ನು ನೋಡಿಹೋದರು.

ಸಾಮಾನ್ಯವಾಗಿ ಗುರುಗಳು ಶಿಷ್ಯರಿಂದ ಒಂದು ನಮಸ್ಕಾರವನ್ನಾದರೂ ನಿರೀಕ್ಷಿಸುತ್ತಾರೆ. ರಂಗರಾಯರ ಆಸೆ ಬೇರೆಯದೇ. ತನ್ನ ಶಾಲೆಯ ಮಗು ಓದಿ, ಸರಕಾರಿ ಹುದ್ದೆ ಹಿಡಿದು, ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು. ಬಾಬುಗುಡ್ಡೆಯ ಬ್ರಹ್ಮಸಮಾಜದ ರುದ್ರಭೂಮಿಯಲ್ಲಿ, ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದು ಈ ಆಸೆಯನ್ನೇ.