ಮಳೆಯ ಲೆಕ್ಕ ಹಾಕಿದ ಗಿಲ್ಬರ್ಟ್ ವಾಕರ್

ಮುಂಗಾರು ಮಳೆ ಕೈಕೊಟ್ಟರೆ ನಮ್ಮ ನಾಡಿನ ರೈತನ ಬದುಕು ಎಂತಹ ಸಂಕಟಕ್ಕೆ ಸಿಲುಕುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರವಾದ ಕ್ಷಾಮವೊಂದು ಕಾಡಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಅದಕ್ಕೆ ಧಾತು-ಈಶ್ವರ ಕ್ಷಾಮವೆಂಬ ಹೆಸರು ಬಂದಿತು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಐದನೆಯ ಒಂದು ಪಾಲು ಜನರು ಅದಕ್ಕೆ ಬಲಿಯಾದರೆಂದು ಅಂದಾಜು ಮಾಡಲಾಗಿದೆ. ಮಳೆ ಏಕೆ ಬರಲಿಲ್ಲ, ಮುಂದಿನ ವರ್ಷವಾದರೂ ಬಂದೀತೇ ಎಂದು ಹೇಳಬಲ್ಲವರು ಅಂದು ಯಾರೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಭಾರತದಲ್ಲಿ ಇಪ್ಪತ್ತು ವರ್ಷಗಳ ಕಾಲ ದುಡಿದವರು ಸರ್ ಗಿಲ್ಬರ್ಟ್ ವಾಕರ್.

ವಾಕರ್ 1868ರ ಜೂನ್ 14ರಂದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಜನಿಸಿದರು. ಅವರ ತಂದೆ ಇಂಜಿನಿಯರಾಗಿದ್ದರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುವಾಗಲೇ ವಾಕರ್ ಗಣಿತದಲ್ಲಿ ಅಸಾಧಾರಣ ಪ್ರತಿಭೆಯನ್ನು ತೋರಿದರು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಟ್ರಿನಿಟಿ ಕಾಲೇಜನ್ನು ಸೇರಿ, 1889ರಲ್ಲಿ ಅಲ್ಲಿನ ಪ್ರಸಿದ್ಧ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅತಿಯಾದ ಶ್ರಮದಿಂದ ಆರೋಗ್ಯ ಕೆಟ್ಟು, ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. ಎಸೆದವನ ಕಡೆಗೇ ಮರಳಿ ಬರುವ ಬೂಮರಾಂಗ್ ಎಂಬ ಆಸ್ಟ್ರೇಲಿಯದ ಆಯುಧ ಅವರ ಕುತೂಹಲವನ್ನು ಕೆರಳಿಸಿತ್ತು. ಅದರ ಚಲನೆಯನ್ನು ಗಣಿತದ ಮೂಲಕ ವಿವರಿಸಿದ ಅವರನ್ನು ಗೆಳೆಯರು ಬೂಮರಾಂಗ್ ವಾಕರ್ ಎಂದೇ ಕರೆಯುತ್ತಿದ್ದರು.

ಇತ್ತ ಭಾರತದಲ್ಲಿ 1875ರಲ್ಲಿ ಹವಾಮಾನ ಇಲಾಖೆ ಸ್ಥಾಪನೆಯಾಗಿತ್ತು. ಅದರ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲಾನ್‌ಫೋರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದ ವರ್ಷ ಮುಂಗಾರು ದುರ್ಬಲವಾಗುತ್ತದೆ ಎಂಬುದನ್ನು ಗುರುತಿಸಿ, ಮಳೆಯ ಮುನ್ಸೂಚನೆ ನೀಡಲು ಆರಂಭಿಸಿದರು. ಅವರ ನಂತರ ಬಂದ ಜಾನ್ ಎಲಿಯಟ್ ಆ ಕಾರ್ಯವನ್ನು ಮುಂದುವರಿಸಿದರು. ಆದರೆ 1899ರಲ್ಲಿ ಅವರ ಮುನ್ಸೂಚನೆ ತಲೆಕೆಳಗಾಯಿತು. ಒಳ್ಳೆಯ ಮಳೆಯನ್ನು ನಿರೀಕ್ಷಿಸಿದ್ದ ದೇಶ ಮತ್ತೊಂದು ಘೋರ ಕ್ಷಾಮಕ್ಕೆ ತುತ್ತಾಯಿತು. ಎಲಿಯಟ್ ಅವರ ಬಳಿಕ, 1904ರಲ್ಲಿ, ಇಲಾಖೆಯ ಹೊಣೆ ವಾಕರ್ ಅವರ ಹೆಗಲಿಗೆ ಬಂದಿತು. ಹವಾಮಾನ ಶಾಸ್ತ್ರ ಅವರಿಗೆ ಹೊಸದು. ಗಣಿತವೊಂದೇ ಅವರ ಕೈಯಲ್ಲಿದ್ದ ಸಾಧನ.

ದೇಶದ ನಾನಾ ಕಡೆಗಳಲ್ಲಿದ್ದ ವೀಕ್ಷಣಾಲಯಗಳಲ್ಲಿ ವಾಯುಭಾರಮಾಪಕ, ಉಷ್ಣಮಾಪಕ ಮತ್ತು ಮಳೆಮಾಪಕಗಳ ಅಂಕಿಗಳನ್ನು ದಿನವೂ ಬರೆದಿಡಲಾಗುತ್ತಿತ್ತು. ಆದರೆ ಮುಂಗಾರು ಭಾರತದಲ್ಲಿ ಹುಟ್ಟುವುದಲ್ಲ. ಸಾವಿರಾರು ಮೈಲಿ ದೂರದ ಸಾಗರಗಳನ್ನು ದಾಟಿ ಬರುವ ಗಾಳಿ ಅದನ್ನು ಹೊತ್ತು ತರುತ್ತದೆ. ಆದುದರಿಂದ ಮಳೆಯ ಏರುಪೇರಿನ ಸುಳಿವು ದೂರದ ನಾಡುಗಳಲ್ಲಿಯೂ ಇರಬೇಕೆಂದು ವಾಕರ್ ಭಾವಿಸಿದರು. ಪ್ರಪಂಚದ ಅನೇಕ ಭಾಗಗಳಿಂದ ವಾಯುಭಾರ, ಉಷ್ಣತೆ ಮತ್ತು ಮಳೆಯ ದಾಖಲೆಗಳನ್ನು ತರಿಸಿಕೊಂಡರು. ಒಂದು ಊರಿನ ವಾಯುಭಾರ ಏರಿದಾಗಲೆಲ್ಲ ಇನ್ನೊಂದು ಊರಿನ ಮಳೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಅಥವಾ ಎರಡಕ್ಕೂ ನಂಟೇ ಇಲ್ಲವೇ ಎಂಬುದನ್ನು ಒಂದು ಸಂಖ್ಯೆಯಿಂದ ಸೂಚಿಸಬಹುದು. ಇದಕ್ಕೆ ಸಹಸಂಬಂಧವೆಂದು ಹೆಸರು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಕಚೇರಿಯ ಭಾರತೀಯ ಗುಮಾಸ್ತರು ಇಂತಹ ಲೆಕ್ಕಗಳನ್ನು ಕೈಯಿಂದಲೇ ಮಾಡಿದರು. ಹಿಮಾಲಯದ ಹಿಮ, ಮಾರಿಷಸ್ ದ್ವೀಪ ಮತ್ತು ದಕ್ಷಿಣ ಅಮೆರಿಕದ ವಾಯುಭಾರ, ಆಫ್ರಿಕದ ಜಾಂಜಿಬಾರಿನ ಮಳೆ ಇವುಗಳನ್ನು ಒಂದು ಸೂತ್ರದಲ್ಲಿ ಹೆಣೆದು ವಾಕರ್ ಭಾರತದ ಮಳೆಯನ್ನು ಅಂದಾಜು ಮಾಡತೊಡಗಿದರು.

ಅಂಕಿಗಳನ್ನು ಕುರುಡಾಗಿ ನಂಬುವ ಸ್ವಭಾವ ಅವರದಾಗಿರಲಿಲ್ಲ. ನೂರಾರು ಜೋಡಿಗಳನ್ನು ಹೋಲಿಸಿ ನೋಡಿದರೆ, ಕೆಲವು ಜೋಡಿಗಳು ಕೇವಲ ಆಕಸ್ಮಿಕವಾಗಿ ಹೊಂದಿಕೆಯಾಗುವುದುಂಟು. ನಿಜವಾದ ನಂಟನ್ನು ಆಕಸ್ಮಿಕದಿಂದ ಬೇರ್ಪಡಿಸುವ ಪರೀಕ್ಷೆಯೊಂದನ್ನು ಅವರು 1914ರಲ್ಲಿ ರೂಪಿಸಿದರು. ಸೂರ್ಯನ ಮೇಲಿನ ಕಲೆಗಳೇ ಮಳೆಯನ್ನು ಆಳುತ್ತವೆ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ವಾಕರ್ ಲೆಕ್ಕ ಹಾಕಿ ನೋಡಿದಾಗ ಆ ಸಂಬಂಧ ಬಹಳ ದುರ್ಬಲವೆಂದು ತಿಳಿಯಿತು. ಭಾರತದ ವಾಯುಗುಣವೇ ಶಾಶ್ವತವಾಗಿ ಬದಲಾಗಿಬಿಟ್ಟಿದೆ ಎಂದು ಹಲವರು ಆತಂಕಗೊಂಡಿದ್ದಾಗ, ಹಳೆಯ ದಾಖಲೆಗಳನ್ನು ಪರಿಶೀಲಿಸಿ ಅಂದಿನವರೆಗೆ ಅದಕ್ಕೆ ಆಧಾರವಿಲ್ಲವೆಂದು ತೋರಿಸಿದರು.

ಈ ನಡುವೆ ಅವರಿಂದ ಮತ್ತೊಂದು ಮಹದುಪಕಾರವೂ ಆಯಿತು. 1913ರಲ್ಲಿ ಮದರಾಸಿಗೆ ಹೋಗಿದ್ದಾಗ, ಅಲ್ಲಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಯುವಕರೊಬ್ಬರ ಗಣಿತದ ಬರಹಗಳು ಅವರ ಕಣ್ಣಿಗೆ ಬಿದ್ದವು. ಆ ಯುವಕರೇ ಶ್ರೀನಿವಾಸ ರಾಮಾನುಜನ್. ಅವರಿಗೆ ವಿದ್ಯಾರ್ಥಿವೇತನ ನೀಡಬೇಕೆಂದು ವಾಕರ್ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದರು. ಅದರಿಂದ ರಾಮಾನುಜನ್ನರು ಕಚೇರಿಯ ದುಡಿಮೆಯಿಂದ ಬಿಡುಗಡೆ ಹೊಂದಿ ಗಣಿತಕ್ಕೆ ತಮ್ಮನ್ನು ಅರ್ಪಿಸಿಕೊಳ್ಳುವಂತಾಯಿತು.

ವರ್ಷಗಟ್ಟಲೆ ಅಂಕಿಗಳನ್ನು ಹೋಲಿಸುತ್ತ ಹೋದಂತೆ ವಾಕರ್ ಅವರಿಗೆ ಅಚ್ಚರಿಯ ಸಂಗತಿಯೊಂದು ಗೋಚರಿಸಿತು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಹೆಚ್ಚಿದಾಗ ಹಿಂದೂ ಮಹಾಸಾಗರದ ಮೇಲೆ ಕಡಿಮೆಯಾಗುತ್ತಿತ್ತು. ಅಲ್ಲಿ ಕಡಿಮೆಯಾದಾಗ ಇಲ್ಲಿ ಹೆಚ್ಚುತ್ತಿತ್ತು. ತಕ್ಕಡಿಯ ಎರಡು ತಟ್ಟೆಗಳಂತೆ ಭೂಮಿಯ ಎರಡು ಮಹಾಸಾಗರಗಳು ಏರಿಳಿಯುತ್ತಿದ್ದವು. ಇದಕ್ಕೆ ಅವರು 1924ರಲ್ಲಿ ದಕ್ಷಿಣ ಆಂದೋಲನವೆಂದು ಹೆಸರಿಟ್ಟರು. ಅದೇ ವರ್ಷ ಅವರು ನಿವೃತ್ತರಾದರು. ಸರ್ ಪದವಿಯೂ ಲಭಿಸಿತು. ಬಳಿಕ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1934ರವರೆಗೆ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿ ಸಂಶೋಧನೆಯನ್ನು ಮುಂದುವರಿಸಿದರು.

ಆದರೆ ಅವರು ಹೊರಟ ಗುರಿ ಕೈಗೂಡಿತೇ? ಇಲ್ಲ ಎಂದೇ ಹೇಳಬೇಕು. ಕೆಲವು ವರ್ಷ ನಿಜವಾಗಿ ಕಂಡ ಸಂಬಂಧಗಳು ಮುಂದಿನ ವರ್ಷಗಳಲ್ಲಿ ಸಡಿಲಗೊಂಡವು. ಸೂತ್ರಗಳು ಮಳೆಯನ್ನು ಖಚಿತವಾಗಿ ಹೇಳಲಾರದೆ ಹೋದವು. ಇಷ್ಟು ದೂರದ ಸ್ಥಳಗಳು ಒಂದನ್ನೊಂದು ಹೇಗೆ ಪ್ರಭಾವಿಸಬಲ್ಲವು ಎಂದು ಅನೇಕ ವಿಜ್ಞಾನಿಗಳು ಸಂದೇಹಪಟ್ಟರು. ಅದರ ಕಾರಣವನ್ನು ವಿವರಿಸಲು ವಾಕರ್ ಅವರಿಗೂ ಸಾಧ್ಯವಾಗಲಿಲ್ಲ. ಸಮಾಧಾನಕರವಾದ ಉತ್ತರ ದೊರೆಯುವ ಮುನ್ನವೇ 1958ರ ನವೆಂಬರ್ 4ರಂದು ಅವರು ಕಣ್ಣು ಮುಚ್ಚಿದರು.

ಉತ್ತರ ದೊರೆತದ್ದು 1969ರಲ್ಲಿ. ಯಾಕೊಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ವಾಕರ್ ಅವರ ಆಂದೋಲನಕ್ಕೂ ಪೆಸಿಫಿಕ್ ಸಾಗರದ ನೀರಿನ ಉಷ್ಣತೆಗೂ ಇರುವ ನಂಟನ್ನು ತೋರಿಸಿದರು. ಸಾಮಾನ್ಯವಾಗಿ ಇಂಡೋನೇಷ್ಯದ ಕಡೆಯ ನೀರು ಬೆಚ್ಚಗಿದ್ದು, ಅಲ್ಲಿ ಗಾಳಿ ಮೇಲೇರಿ ಮಳೆ ಸುರಿಸುತ್ತದೆ. ಆ ಗಾಳಿ ಮೇಲಿನ ಹಂತದಲ್ಲಿ ಪೂರ್ವಕ್ಕೆ ಹರಿದು, ತಣ್ಣನೆಯ ನೀರಿರುವ ದಕ್ಷಿಣ ಅಮೆರಿಕದ ಬಳಿ ಕೆಳಗಿಳಿದು, ಸಾಗರದ ಮೇಲ್ಮೈಯ ಮೇಲೆ ಪಶ್ಚಿಮಕ್ಕೆ ಮರಳುತ್ತದೆ. ಈ ಚಕ್ರಕ್ಕೆ ಬ್ಯರ್ಕ್ನೆಸ್ ವಾಕರ್ ಪರಿಚಲನೆ ಎಂದು ಹೆಸರಿಟ್ಟರು. ಕೆಲವು ವರ್ಷಗಳಿಗೊಮ್ಮೆ ಪೂರ್ವದ ನೀರು ಬಿಸಿಯಾಗಿ ಚಕ್ರದ ಗತಿ ತಪ್ಪುತ್ತದೆ. ಎಲ್ ನಿನೊ ಎಂದು ಕರೆಯುವ ಅಂತಹ ವರ್ಷಗಳಲ್ಲಿ, ಎಲ್ಲ ಸಲವೂ ಅಲ್ಲದಿದ್ದರೂ, ಭಾರತದ ಮುಂಗಾರು ಹಲವು ಬಾರಿ ಕ್ಷೀಣಿಸಿದೆ.

ಹಳೆಯ ದಾಖಲೆಗಳನ್ನು ಮತ್ತೆ ತೆರೆದು ನೋಡಿದ ವಿಜ್ಞಾನಿಗಳಿಗೆ ಇನ್ನೊಂದು ಸಂಗತಿ ತಿಳಿಯಿತು. ಧಾತು-ಈಶ್ವರ ಕ್ಷಾಮದ ನಡುವಿನ 1877ನೆಯ ವರ್ಷವೇ ಪ್ರಬಲವಾದ ಎಲ್ ನಿನೊ ವರ್ಷವಾಗಿತ್ತು. ನಮ್ಮ ಹೊಲಗಳು ಒಣಗಿದುದಕ್ಕೆ ಒಂದು ಮುಖ್ಯ ಕಾರಣ ಭೂಮಿಯ ಮತ್ತೊಂದು ಬದಿಯ ಸಾಗರದಲ್ಲಿತ್ತು. ಆ ದಿಕ್ಕಿಗೆ ಬೆರಳು ತೋರಿದವರು ವಾಕರ್. ತಾವು ಬಯಸಿದ ಫಲ ಅವರಿಗೆ ದೊರೆಯಲಿಲ್ಲ. ಆದರೆ ಅವರು ಪ್ರಾಮಾಣಿಕವಾಗಿ ಹಾಕಿಟ್ಟ ಲೆಕ್ಕ ಮುಂದಿನವರಿಗೆ ದಾರಿಯಾಯಿತು.